ಎರಡು ಸಲ ಬರೆದ ಹೆಸರು

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ, ಮದುವೆ, ಮರಣಗಳನ್ನು ಸರ್ಕಾರವೇ ದಾಖಲಿಸತೊಡಗಿದ್ದು 1837ರ ಜುಲೈ 1ರಿಂದ. ಅಲ್ಲಿಂದಾಚೆಗೆ ದಾಖಲಾದ ಪ್ರತಿ ಮದುವೆಯೂ ಕೇಂದ್ರ ಕಚೇರಿಯ ಸೂಚಿಯಲ್ಲಿ ಎರಡು ಸಲ ಬರುತ್ತದೆ: ಗಂಡಿನ ಮನೆತನದ ಹೆಸರಿನಡಿ ಒಂದು ಸಲ, ಹೆಣ್ಣಿನ ಮನೆತನದ ಹೆಸರಿನಡಿ ಇನ್ನೊಂದು ಸಲ. 1912ಕ್ಕೆ ಮೊದಲಿನ ಸೂಚಿಗಳಲ್ಲಿ ಈ ಎರಡು ಸಾಲುಗಳಿಗೆ ಪರಸ್ಪರ ಪರಿಚಯವೇ ಇಲ್ಲ. ಗಂಡನ ಸಾಲಿನಲ್ಲಿ ಹೆಂಡತಿಯ ಸುಳಿವಿಲ್ಲ, ಹೆಂಡತಿಯ ಸಾಲಿನಲ್ಲಿ ಗಂಡನದ್ದಿಲ್ಲ. ಜಿಲ್ಲೆ, ಸಂಪುಟ, ಪುಟಸಂಖ್ಯೆ ಮೂರೂ ತಾಳೆಯಾದರೆ ಇವರಿಬ್ಬರು ಒಂದೇ ಮದುವೆಯವರಿರಬಹುದು ಎಂದು ಊಹಿಸಬೇಕು. ಊಹೆಯೇ ಸರಿ, ಏಕೆಂದರೆ ಅದೇ ಪುಟದಲ್ಲಿ ಬೇರೆ ಜೋಡಿಗಳೂ ಇರುತ್ತವೆ. ಪುಟಸಂಖ್ಯೆಯ ಒಂದು ಅಂಕಿ ತಪ್ಪಿದರೆ ಸಾಕು, ಸೂಚಿಯಲ್ಲಿ ಗಂಡ ಹೆಂಡತಿ ಬೇರೆಯಾಗಿಬಿಡುತ್ತಾರೆ.

ಈ ಸೂಚಿಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು 1998ರಲ್ಲಿ ಕೈಗೆತ್ತಿಕೊಂಡದ್ದು ಫ್ರೀಬಿಎಂಡಿ ಎಂಬ ಸ್ವಯಂಸೇವಕರ ಯೋಜನೆ. ಸಂಬಳವಿಲ್ಲದೆ, ಮನೆಯಲ್ಲೇ ಕುಳಿತು, ಪುಟದ ಚಿತ್ರ ನೋಡಿಕೊಂಡು ಸಾಲು ಸಾಲಾಗಿ ಬೆರಳಚ್ಚು ಮಾಡುವವರು ಇದನ್ನು ನಡೆಸಿದ್ದಾರೆ. ಬೆಂಗಳೂರು ದಂಡಿನ ಹತ್ತೊಂಬತ್ತನೆಯ ಶತಮಾನದ ಕುಟುಂಬಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಇಂಥ ಪಟ್ಟಿಗಳಿಲ್ಲದೆ ಕೆಲಸ ಮುಂದೆ ಸಾಗದು. ಅವನ್ನು ಬಳಸುತ್ತ ಬಳಸುತ್ತ ನನ್ನ ಕುತೂಹಲ ಹೆಸರುಗಳಿಗಿಂತ ಹೆಚ್ಚಾಗಿ ಎರಡೆರಡು ಸಲ ಬರುವ ಹೆಸರುಗಳ ಮೇಲೆ ಕುಳಿತಿತು. ಪಟ್ಟಿ ನೋಡಿದವರ ಮೊದಲ ಪ್ರತಿಕ್ರಿಯೆ ಒಂದೇ: ಇದು ನಕಲು, ತೆಗೆದುಹಾಕಿ. ಈ ಅವಸರದ ವಿರುದ್ಧವೇ ನಾನು ಇಲ್ಲಿ ವಾದಿಸುತ್ತಿರುವುದು.

ಫ್ರೀಬಿಎಂಡಿ ತನ್ನ ದತ್ತಾಂಶದ ಗಾತ್ರ ಹೇಳುವಾಗ ಎರಡು ಬೇರೆ ಬೇರೆ ಲೆಕ್ಕಗಳನ್ನು ಕೊಟ್ಟಿದೆ. ಒಟ್ಟು ನಮೂದುಗಳು ಎಷ್ಟು ಎಂಬುದು ಒಂದು, ಪುನರಾವರ್ತನೆ ಕಳೆದರೆ ಉಳಿಯುವ ನಮೂದುಗಳು ಎಷ್ಟು ಎಂಬುದು ಇನ್ನೊಂದು. ಎರಡರ ನಡುವಿನ ಅಂತರವೇ ಕೋಟಿಗಳಲ್ಲಿತ್ತು. ಅದು ವ್ಯರ್ಥವಾದ ಶ್ರಮವಲ್ಲ. ಒಂದೇ ಪುಟವನ್ನು ಇಬ್ಬರು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದೆ, ಬೆರಳಚ್ಚು ಮಾಡಿರುತ್ತಾರೆ. ಇಬ್ಬರೂ ಒಂದೇ ರೀತಿ ಓದಿದ್ದರೆ ಆ ಸಾಲನ್ನು ನಂಬಬಹುದು, ಹುಡುಕಿದವರಿಗೆ ಅದು ದಪ್ಪಕ್ಷರದಲ್ಲಿ ಕಾಣುತ್ತದೆ. ಬೇರೆ ಬೇರೆ ಓದಿದ್ದರೆ ಎರಡೂ ಉಳಿಯುತ್ತವೆ. 1851ರವರೆಗೆ ಸಂಪುಟಗಳಿಗೆ ರೋಮನ್ ಅಂಕಿಗಳಿದ್ದವು. ಆ ಬರಹದಲ್ಲಿ ಹನ್ನೊಂದಕ್ಕೂ ಹದಿನಾರಕ್ಕೂ ಒಂದೇ ಒಂದು ಅಕ್ಷರದ ವ್ಯತ್ಯಾಸ. ಶಾಯಿ ಮಾಸಿದ ಪುಟದಲ್ಲಿ ಒಬ್ಬರು ಹನ್ನೊಂದೆಂದು ಓದಿ ಇನ್ನೊಬ್ಬರು ಹದಿನಾರೆಂದು ಓದಿದರೆ, ಸರಿಯಾದ ಓದು ಯಾವುದೆಂದು ಗೊತ್ತಾಗುವ ಮೊದಲೇ ಒಂದನ್ನು ಅಳಿಸುವುದು ಜೂಜಾಟವಾದೀತು.

ಈ ಕೆಲಸಗಾರರಿಗೆ ಒಂದು ಮೂಲಮಂತ್ರವಿದೆ: ಕಂಡದ್ದನ್ನು ಕಂಡಂತೆ ಬರೆಯಿರಿ. ಗುಮಾಸ್ತ ಹೆಸರನ್ನು ತಪ್ಪಾಗಿ ಬರೆದಿದ್ದರೆ ಆ ತಪ್ಪನ್ನೇ ಬರೆಯಬೇಕು. ಅಕ್ಷರ ಸ್ಪಷ್ಟವಿಲ್ಲದಿದ್ದರೆ ಅದಕ್ಕೆಂದೇ ಗೊತ್ತುಮಾಡಿದ ಚಿಹ್ನೆ ಹಾಕಬೇಕು. ಬೆರಳಚ್ಚಿನ ತಪ್ಪನ್ನು ತಿದ್ದುತ್ತಾರೆ, ಸೂಚಿಯ ತಪ್ಪನ್ನು ತಿದ್ದುವುದಿಲ್ಲ. ನಮ್ಮಜ್ಜಿಯ ಹೆಸರು ಹೀಗಲ್ಲ ಎಂದು ಗೊತ್ತಿರುವವರು ಆ ಸಾಲಿನ ಪಕ್ಕದಲ್ಲಿ ಒಂದು ಚೀಟಿ ಅಂಟಿಸಬಹುದು, ಅಷ್ಟೇ. ಗ್ರಂಥಸಂಪಾದನೆ ಓದಿದ ಕನ್ನಡ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಡಿ.ಎಲ್. ನರಸಿಂಹಾಚಾರ್ ಅವರ ಪುಸ್ತಕದಿಂದ ಪಾಠ ಕಲಿತವರು ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಉಳಿಸುತ್ತಾರೆಯೇ ಹೊರತು ಎಸೆಯುವುದಿಲ್ಲ.

ಆದರೆ ಈ ಹೋಲಿಕೆ ಒಂದು ಹಂತದ ಆಚೆಗೆ ನಡೆಯುವುದಿಲ್ಲ. ಹತ್ತು ಓಲೆಗರಿ ಪ್ರತಿಗಳ ಹಿಂದೆ ಒಂದು ಕಾವ್ಯವಿದೆ ಎಂಬ ನಂಬಿಕೆಯಿಂದಲೇ ಸಂಪಾದಕ ಕೆಲಸ ಶುರುಮಾಡುತ್ತಾನೆ. ವಂಶಾವಳಿಯ ದಾಖಲೆ ಹಿಡಿದವನಿಗೆ ಆ ಧೈರ್ಯವಿಲ್ಲ. ಎರಡು ಸಾಲುಗಳ ಹಿಂದೆ ಒಬ್ಬ ಮನುಷ್ಯನಿದ್ದಾನೋ ಇಬ್ಬರಿದ್ದಾರೋ ಎಂಬುದೇ ಅವನ ಪ್ರಶ್ನೆ.

ಇಂಗ್ಲೆಂಡಿನ ಚರ್ಚುಗಳ ದಾಖಲೆಗೆ ಹೋದರೆ ಪ್ರಶ್ನೆ ಇನ್ನೂ ಗೋಜಲಾಗುತ್ತದೆ. ಪ್ರತಿ ಪ್ಯಾರಿಷ್ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪುಸ್ತಕ ಇಡಬೇಕೆಂದು 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಮಾಡಿದ. ಎಲಿಜಬೆತ್ ರಾಣಿಯ ಕಾಲದಲ್ಲಿ, 1598ರ ಹೊತ್ತಿಗೆ, ವರ್ಷಕ್ಕೊಮ್ಮೆ ಆ ಪುಸ್ತಕದ ಪ್ರತಿಯನ್ನು ಬಿಷಪ್‌ಗೆ ಕಳಿಸಬೇಕೆಂಬ ನಿಯಮ ಬಂತು. ಹೀಗೆ ಒಂದೇ ಮಗುವಿನ ದೀಕ್ಷಾಸ್ನಾನ ಊರಿನ ಪುಸ್ತಕದಲ್ಲೂ ಬಿಷಪ್‌ನ ಪ್ರತಿಯಲ್ಲೂ ಇದೆ. ಪ್ರತಿ ಮಾಡುವಾಗ ಪಾದ್ರಿ ಒಂದು ಸಾಲು ಬಿಟ್ಟಿರಬಹುದು, ತಾಯಿಯ ಹೆಸರು ನೆನಪಾಗಿ ಸೇರಿಸಿರಬಹುದು. ಊರಿನ ಪುಸ್ತಕ ಹಾಳಾದ ಕಡೆ ಬಿಷಪ್‌ನ ಪ್ರತಿಯೇ ಗತಿ. ಇವುಗಳ ನಡುವೆ ಮೂಲ ಯಾವುದು, ನಕಲು ಯಾವುದು ಎಂದು ಕಣ್ಣುಮುಚ್ಚಿ ಹೇಳಲು ಬರುವುದಿಲ್ಲ.

ಇದರ ಮೇಲೆ ಪಂಚಾಂಗದ ತೊಡಕು ಬೇರೆ. 1752ಕ್ಕೆ ಮೊದಲು ಅಲ್ಲಿ ಕಾನೂನಿನ ಪ್ರಕಾರ ಹೊಸ ವರ್ಷ ಹುಟ್ಟುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಅಂದಿನ ಪಾದ್ರಿ 1735ರ ಫೆಬ್ರವರಿ ಎಂದು ಬರೆದದ್ದು ನಮ್ಮ ಲೆಕ್ಕಕ್ಕೆ 1736ರ ಫೆಬ್ರವರಿ. ಒಬ್ಬ ಸ್ವಯಂಸೇವಕಿ ಕಂಡಂತೆ ಬರೆದು, ಇನ್ನೊಬ್ಬರು ತಿದ್ದಿ ಬರೆದರೆ ಒಂದೇ ಮಗು ಎರಡು ವರ್ಷಗಳಲ್ಲಿ ಹುಟ್ಟಿದಂತಾಗುತ್ತದೆ. ಮಗು ಬದುಕುವುದು ಕಷ್ಟ ಎನಿಸಿದಾಗ ಮನೆಯಲ್ಲೇ ಅವಸರದಲ್ಲಿ ದೀಕ್ಷಾಸ್ನಾನ ಮಾಡಿಸಿ, ಬದುಕಿ ಉಳಿದರೆ ಆಮೇಲೆ ಚರ್ಚಿಗೆ ಕರೆತಂದು ಒಪ್ಪಿಸುವ ಪದ್ಧತಿಯೂ ಇತ್ತು. ಅಲ್ಲಿಯೂ ಎರಡು ದಿನಾಂಕ, ಕೆಲವೊಮ್ಮೆ ಎರಡು ಸಾಲು. ಎರಡನೆಯ ಸಾಲು ಇದೆ ಎಂದರೆ ಮಗು ಆ ಗಂಡಾಂತರ ದಾಟಿತು ಎಂದರ್ಥ. ನಕಲೆಂದು ಅಳಿಸಿದವರು ಆ ಸಣ್ಣ ಸಮಾಧಾನವನ್ನೂ ಅಳಿಸಿದ ಹಾಗೆ.

ಒಂದೇ ಎಂದು ಕಂಡು, ಎರಡಾಗಿರುವ ಸಂದರ್ಭವೇ ನನಗೆ ಹೆಚ್ಚು ಭಯ ಹುಟ್ಟಿಸುವುದು. ನೆದರ್ಲೆಂಡ್ಸ್‌ನ ಝುಂಡರ್ಟ್ ಎಂಬ ಊರಲ್ಲಿ 1852ರ ಮಾರ್ಚ್ 30ರಂದು ಒಬ್ಬ ಪಾದ್ರಿಯ ಮನೆಯಲ್ಲಿ ಗಂಡುಮಗು ಸತ್ತೇ ಹುಟ್ಟಿತು. ಅದಕ್ಕೆ ವಿನ್ಸೆಂಟ್ ವಿಲೆಮ್ ಎಂದು ಹೆಸರಿಟ್ಟು ಚರ್ಚಿನ ಅಂಗಳದಲ್ಲಿ ಹೂಳಿದರು. ಸರಿಯಾಗಿ ಒಂದು ವರ್ಷಕ್ಕೆ, 1853ರ ಮಾರ್ಚ್ 30ರಂದು, ಅದೇ ತಂದೆತಾಯಿಗೆ ಇನ್ನೊಂದು ಗಂಡುಮಗು ಹುಟ್ಟಿತು. ಅದಕ್ಕೂ ವಿನ್ಸೆಂಟ್ ವಿಲೆಮ್ ಎಂದೇ ಹೆಸರಿಟ್ಟರು. ಸೂರ್ಯಕಾಂತಿಗಳನ್ನು ಬರೆದ ವ್ಯಾನ್ ಗಾಗ್ ಈ ಎರಡನೆಯವನು. ಹೆಸರು, ತಂದೆ, ತಾಯಿ, ಊರು, ತಿಂಗಳು, ತಾರೀಕು ಎಲ್ಲ ಒಂದೇ, ವರ್ಷದ ಕೊನೆಯ ಅಂಕಿ ಮಾತ್ರ ಬೇರೆ. ಆ ಅಂಕಿ ಬೆರಳಚ್ಚಿನ ತಪ್ಪಿರಬೇಕು ಎಂದು ಯಾವ ಸಂಭಾವಿತ ಸ್ವಯಂಸೇವಕನಿಗಾದರೂ ಅನ್ನಿಸುತ್ತದೆ. ಸಾಲದ್ದಕ್ಕೆ ಈ ಮನೆಯಲ್ಲಿ ತಾತ ವಿನ್ಸೆಂಟ್, ಒಬ್ಬ ದೊಡ್ಡಪ್ಪನೂ ವಿನ್ಸೆಂಟ್, ಮುಂದೆ ತಮ್ಮ ಥಿಯೋನ ಮಗನೂ ವಿನ್ಸೆಂಟ್ ವಿಲೆಮ್. ತಾತನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಕಡೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಮಕ್ಕಳು ಹೆಚ್ಚಾಗಿ ಸಾಯುತ್ತಿದ್ದ ಕಾಲದಲ್ಲಿ, ತೀರಿಕೊಂಡ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವುದು ಯೂರೋಪಿನಲ್ಲಿ ವಾಡಿಕೆಯೇ ಆಗಿತ್ತು. ಸಾಲುಗಳನ್ನು ಬೆಸೆದರೆ ಇಲ್ಲವಾಗುವುದು ಯಾವಾಗಲೂ ಮೊದಲಿನ ಮಗು. ಅದು ಬದುಕಿತ್ತೆಂಬುದಕ್ಕೆ ಅಥವಾ ಬದುಕಲಿಲ್ಲವೆಂಬುದಕ್ಕೆ ಆ ಒಂದು ಸಾಲಿನ ಹೊರತು ಬೇರೆ ಸಾಕ್ಷಿ ಇರುವುದು ಅಪರೂಪ.

ಯಂತ್ರಕ್ಕೆ ಈ ಕೆಲಸ ಒಪ್ಪಿಸುವ ಯೋಚನೆ ಹಳೆಯದು. 1946ರಲ್ಲಿ ಅಮೆರಿಕದ ಹಾಲ್ಬರ್ಟ್ ಡನ್ ಒಂದು ಪುಟ್ಟ ಲೇಖನ ಬರೆದು, ಪ್ರತಿಯೊಬ್ಬರ ಬಾಳೂ ಹುಟ್ಟಿನಿಂದ ಸಾವಿನವರೆಗಿನ ದಾಖಲೆಗಳ ಒಂದು ಪುಸ್ತಕ, ಚದುರಿದ ಅದರ ಹಾಳೆಗಳನ್ನು ಒಟ್ಟು ಹೊಲಿಯಬೇಕು ಎಂದು ಕಲ್ಪಿಸಿಕೊಂಡ. 1959ರಲ್ಲಿ ಕೆನಡಾದ ಹೊವರ್ಡ್ ನ್ಯೂಕೂಂಬ್ ಮತ್ತು ಸಂಗಡಿಗರು ಅಲ್ಲಿನ ಒಂದು ಪ್ರಾಂತ್ಯದ ಮದುವೆ ಮತ್ತು ಜನನ ದಾಖಲೆಗಳನ್ನು ಕಂಪ್ಯೂಟರಿನಿಂದ ಹೊಂದಿಸಿ ತೋರಿಸಿದರು. ಅಪರೂಪದ ಹೆಸರು ತಾಳೆಯಾದರೆ ಹೆಚ್ಚು ತೂಕ, ಸಾಮಾನ್ಯ ಹೆಸರಾದರೆ ಕಡಿಮೆ ತೂಕ ಎಂಬುದು ಅವರ ಲೆಕ್ಕಾಚಾರದ ಜೀವಾಳ. ಮುಂದೆ 1969ರಲ್ಲಿ ಫೆಲೆಗಿ ಮತ್ತು ಸಂಟರ್ ಇದಕ್ಕೆ ಗಣಿತದ ಬುನಾದಿ ಹಾಕಿದರು. ಅವರ ವಿಧಾನದಲ್ಲಿ ನನಗೆ ಮೆಚ್ಚುಗೆಯಾದದ್ದು ಮೂರು ಬುಟ್ಟಿಗಳು: ಇವೆರಡು ಒಂದೇ, ಇವೆರಡು ಒಂದಲ್ಲ, ಮೂರನೆಯದು ಈಗಲೇ ಹೇಳಲಾಗದು. ಮೂರನೆಯ ಬುಟ್ಟಿಯನ್ನು ಮನುಷ್ಯರು ಕುಳಿತು ನೋಡಬೇಕು. ಬೇಗ ಮುಗಿಸುವ ಆತುರದಲ್ಲಿ ಎಲ್ಲರೂ ಖಾಲಿ ಮಾಡಲು ಹೋಗುವುದು ಈ ಬುಟ್ಟಿಯನ್ನೇ. ಫ್ಯಾಮಿಲಿಸರ್ಚ್‌ನ ಎಲ್ಲರಿಗೂ ತೆರೆದಿರುವ ವಂಶವೃಕ್ಷದಲ್ಲಿ ಇಬ್ಬರನ್ನು ಬೆಸೆಯುವ ಅವಕಾಶದ ಜೊತೆಗೆ, ಇವರಿಬ್ಬರು ಒಬ್ಬರಲ್ಲ ಎಂದು ಬರೆದಿಡುವ ಅವಕಾಶವೂ ಇದೆ. ಈ ಎರಡನೆಯದು ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ. ಒಬ್ಬರು ತಲೆಕೆಡಿಸಿಕೊಂಡು ಬಿಡಿಸಿದ ಗಂಟನ್ನು ಮರುದಿನ ಇನ್ನೊಬ್ಬರು ಬಂದು ಮತ್ತೆ ಕಟ್ಟದಂತೆ ಅದು ತಡೆಯುತ್ತದೆ.

ಇನ್ನು ಬೆಂಗಳೂರಿಗೆ ಬರುತ್ತೇನೆ. 1809ರಲ್ಲಿ ದಂಡು ನೆಲೆಯೂರಿದ ಮೇಲೆ ಇಲ್ಲಿನ ಸೈನಿಕರ, ಅವರ ಕುಟುಂಬಗಳ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಪಾದ್ರಿಗಳು ಪುಸ್ತಕದಲ್ಲಿ ಬರೆದರು. ಅದರ ಪ್ರತಿ ಮದರಾಸಿಗೆ ಹೋಗುತ್ತಿತ್ತು, ಅಲ್ಲಿಂದ ಇನ್ನೊಂದು ಪ್ರತಿ ಲಂಡನ್ನಿಗೆ. ಲಂಡನ್ನಿಗೆ ಹೋದ ಮದರಾಸು ಪ್ರಾಂತ್ಯದ ಈ ಪ್ರತಿಗಳು ಇಂದು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ‘ಎನ್/2’ ಎಂಬ ಸಾಲಿನಲ್ಲಿವೆ. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಇತಿಹಾಸಕ್ಕೆಂದೇ 1998ರಲ್ಲಿ ಹುಟ್ಟಿದ ಫಿಬಿಸ್ ಸಂಘದ ಸ್ವಯಂಸೇವಕರು ಇಂಥ ದಾಖಲೆಗಳಿಂದ, ಪತ್ರಿಕೆಗಳಿಂದ, ಸಮಾಧಿ ಕಲ್ಲುಗಳಿಂದ ಹೆಸರುಗಳನ್ನು ಎತ್ತಿ ಬರೆಯುತ್ತ ಬಂದಿದ್ದಾರೆ. ಒಬ್ಬ ಸಿಪಾಯಿಯ ಸಾವು ಮೂರು ನಾಲ್ಕು ಕಡೆ, ಮೂರು ನಾಲ್ಕು ಕಾಗುಣಿತದಲ್ಲಿ ಸಿಗುತ್ತದೆ. ಅದನ್ನು ಹೊಂದಿಸುವುದು ಬೇಸರದ ಕೆಲಸವಾದರೂ ಆಗುವಂಥದ್ದು. ಗೋರಿಗೆ ಕಲ್ಲಿದೆ, ರೆಜಿಮೆಂಟಿಗೆ ಹೆಸರಿದೆ.

ಹೆಂಗಸರ ಕಡೆ ತಿರುಗಿದರೆ ಲೆಕ್ಕವೇ ಬೇರೆ. ಕಂಪನಿ ಕಾಲದ ಅನೇಕ ದೀಕ್ಷಾಸ್ನಾನದ ನಮೂದುಗಳಲ್ಲಿ ತಂದೆಯ ಹೆಸರು, ಹುದ್ದೆ ಎಲ್ಲ ಇದ್ದು ತಾಯಿಯ ಜಾಗದಲ್ಲಿ ‘ದೇಸಿ ಹೆಂಗಸು’ ಎಂದಷ್ಟೇ ಇರುತ್ತದೆ. ಹೆಸರಿದ್ದರೂ ಅದು ದೀಕ್ಷೆಯಲ್ಲಿ ಕೊಟ್ಟ ‘ಮೇರಿ’ ಎಂಬಂಥ ಒಂಟಿ ಹೆಸರು, ಮನೆತನವಿಲ್ಲ, ಊರಿಲ್ಲ. ವಸಾಹತು ಕಾಲದ ದಾಖಲೆಗಳಲ್ಲಿ ಭಾರತೀಯ ಹೆಂಗಸರು ಹೀಗೆ ಹೆಸರಿಲ್ಲದೆ ಉಳಿದದ್ದರ ಬಗ್ಗೆ ದುರ್ಬಾ ಘೋಷ್ 2006ರ ತಮ್ಮ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ನಕಲು ಹುಡುಕುವವರಿಗೆ ಇದರಿಂದ ಆಗುವ ಫಜೀತಿ ಹೀಗಿದೆ. ಒಬ್ಬ ಸೈನಿಕನ ಮೂರು ಮಕ್ಕಳ ಮೂರು ಸಾಲುಗಳಿವೆ ಎಂದಿಟ್ಟುಕೊಳ್ಳಿ. ಮೂರರಲ್ಲೂ ತಾಯಿ ‘ದೇಸಿ ಹೆಂಗಸು’. ಯಂತ್ರ ಅಕ್ಷರಗಳನ್ನು ಹೋಲಿಸಿ ಮೂರೂ ಒಂದೇ ಎನ್ನುತ್ತದೆ. ಆದರೆ ಆ ಎರಡು ಪದಗಳು ಅವಳ ಹೆಸರಲ್ಲ, ಹೆಸರು ಬರೆಯಲಿಲ್ಲ ಎಂಬುದರ ಗುರುತು. ಖಾಲಿಗೂ ಖಾಲಿಗೂ ತಾಳೆಯಾದದ್ದನ್ನು ಯಂತ್ರ ಸಾಕ್ಷಿ ಎಂದು ಎಣಿಸಿತು. ಹೀಗೆ ಮೂವರು ಹೆಂಗಸರು ಒಬ್ಬಳಾಗಬಹುದು. ಹಾಗೆಂದು ಮೂವರನ್ನೂ ಬೇರೆ ಎಂದು ಎಣಿಸಿಬಿಟ್ಟರೆ, ಹದಿನೈದು ವರ್ಷ ಅವನ ಜೊತೆ ಬಾಳಿ ಮೂರು ಮಕ್ಕಳನ್ನು ಹೆತ್ತ ಒಬ್ಬಳನ್ನು ಮೂರು ತುಂಡು ಮಾಡಿದಂತೆ.

ನನ್ನ ಪಟ್ಟಿಯಲ್ಲಿ ಇಂಥ ಪ್ರತಿ ಸಾಲಿಗೂ ಅದರದೇ ಸಂಖ್ಯೆ ಇದೆ, ಯಾವ ಸಾಲನ್ನೂ ಅಳಿಸುವುದಿಲ್ಲ. ಪಕ್ಕದ ಕಂಬದಲ್ಲಿ ಯಾವ ಸಾಲಿನ ಜೊತೆ ಸಂಬಂಧವಿರಬಹುದು, ಯಾವ ಆಧಾರದ ಮೇಲೆ, ಯಾವ ದಿನ ಹಾಗೆ ಅನ್ನಿಸಿತು ಎಂದು ಬರೆಯುತ್ತೇನೆ. ತಾಯಿಯ ಜಾಗದಲ್ಲಿ ‘ದೇಸಿ ಹೆಂಗಸು’ ಎಂದಿರುವುದನ್ನು ಕಂಡಂತೆಯೇ ಬಿಟ್ಟು, ಹೋಲಿಕೆ ಮಾಡುವಾಗ ಆ ಪದಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಯಂತ್ರಕ್ಕೆ ಹೇಳಿಟ್ಟಿದ್ದೇನೆ. ಇಷ್ಟಾದ ಮೇಲೂ ನನ್ನ ಪಟ್ಟಿಯ ಮೇರಿಯರಲ್ಲಿ ಹೆಚ್ಚಿನವರು ಮೂರನೆಯ ಬುಟ್ಟಿಯಲ್ಲೇ ಇದ್ದಾರೆ.