ಸಂಪಿಗೆ ರಸ್ತೆಯ ಹಳೆಯ ತಕರಾರು

ಮಲ್ಲೇಶ್ವರದಲ್ಲಿ ಹಳೆಯ ಹೆಂಚಿನ ಮನೆಯೊಂದನ್ನು ಕೆಡವಿ ಅಪಾರ್ಟ್‌ಮೆಂಟಿಗೆ ಪಾಯ ತೋಡಿದರೆ ಸಾಕು, ಅಕ್ಕಪಕ್ಕದವರು ಕೇಳುವ ಪ್ರಶ್ನೆ ಒಂದೇ: ಇಷ್ಟು ಜನ ಬಂದು ಸೇರಿದರೆ ರಸ್ತೆಯ ಗತಿಯೇನು? ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳನ್ನು ಏಕಮುಖ ಮಾಡಿದ ಮೇಲೂ ವಾಹನಗಳು ತೆವಳುತ್ತಿರುವಾಗ ಈ ಪ್ರಶ್ನೆ ಸಹಜವೇ. ಆದರೆ ರಸ್ತೆಯ ಕಷ್ಟಕ್ಕೆಲ್ಲ ಮನೆಗಳ ಸಂಖ್ಯೆಯನ್ನು ದೂರುವುದು ಸರಿಯೇ ಎಂದು ಬಡಾವಣೆಯ ಚರಿತ್ರೆಯನ್ನೇ ಕೇಳಿನೋಡಬೇಕು. ಬೆಂಗಳೂರಿನಲ್ಲಿ ಜನದಟ್ಟಣೆಯ ಭಯಕ್ಕೆ ಒಂದು ಮೂಲವಿದೆ, ಆ ಭಯಕ್ಕೆ ಕೊಟ್ಟ ಮದ್ದೇ ಇಂದಿನ ವಾಹನದಟ್ಟಣೆಗೆ ಬಹುಪಾಲು ಕಾರಣ ಎಂಬುದು ನನ್ನ ವಾದ.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಒಂದಕ್ಕೊಂದು ಅಂಟಿಕೊಂಡ ಮನೆಗಳ, ಗಾಳಿಬೆಳಕಿಲ್ಲದ ಗಲ್ಲಿಗಳ ಪೇಟೆಯಲ್ಲಿ ರೋಗ ಬೇಗ ಹಬ್ಬಿತು. ಪೇಟೆ ಮತ್ತು ದಂಡು ಸೇರಿ 1891ರಲ್ಲಿ 1,80,366 ಇದ್ದ ಜನಸಂಖ್ಯೆ 1901ರ ಗಣತಿಯಲ್ಲಿ 1,59,046ಕ್ಕೆ ಇಳಿಯಿತು; ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ. ಮಲ್ಲೇಶ್ವರ, ಬಸವನಗುಡಿಗಳ ಯೋಜನೆ ಪ್ಲೇಗಿಗೆ ಮೊದಲೇ ಹುಟ್ಟಿತ್ತು, ಆದರೆ ಅದಕ್ಕೆ ಅವಸರ ಬಂದದ್ದು ಸಾವಿನ ನಂತರ. ನೇರ ಮೇನ್‌ಗಳು, ಅವನ್ನು ಕತ್ತರಿಸುವ ಕ್ರಾಸ್‌ಗಳು, ಮನೆಯ ಸುತ್ತ ಖಾಲಿ ಜಾಗ, ಹಿಂಬದಿಯಲ್ಲಿ ಕನ್ಸರ್ವೆನ್ಸಿ ಓಣಿ. ಇಂದು ನಾವು ಮೆಚ್ಚುವ ನೆರಳು, ನೆಮ್ಮದಿಗಳೆಲ್ಲ ಆ ದಿನಗಳ ಆರೋಗ್ಯ ಕ್ರಮಗಳು. ಅವುಗಳ ಬೆಲೆಯನ್ನು ಯಾರು ತೆತ್ತರು ಎಂಬುದನ್ನೂ ಮರೆಯಬಾರದು. ನಿವೇಶನಗಳ ಹಂಚಿಕೆಯಲ್ಲಿ ಜಾತಿ, ಸಮುದಾಯಗಳ ಲೆಕ್ಕವಿತ್ತು. ಹಿಂದಿನ ಓಣಿ ಇದ್ದದ್ದೇ ಮಲ ಹೊರುವವರು ಮನೆಯವರ ಕಣ್ಣಿಗೆ ಬೀಳದೆ ಬಂದು ಹೋಗಲೆಂದು. ಸೈಟು ಕೊಂಡು ಕಟ್ಟಿಕೊಳ್ಳುವ ಶಕ್ತಿಯಿಲ್ಲದವರು ಪೇಟೆಯ ಗಲ್ಲಿಗಳಲ್ಲೇ ಉಳಿದರು. ವಿರಳವಾಗಿ ಬದುಕುವುದು ಮೊದಲಿನಿಂದಲೂ ಕೆಲವರ ಸವಲತ್ತು.

ಅದೇ ಮಾದರಿ ಮುಂದೆ ಇಡೀ ಊರಿನ ಮಾದರಿಯಾಯಿತು. 1945ರಲ್ಲಿ ಬಂದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್, 1976ರಲ್ಲಿ ಅದರ ಜಾಗಕ್ಕೆ ಬಂದ ಬಿಡಿಎ, ಎರಡೂ ಬಡಾವಣೆಯ ಮೇಲೆ ಬಡಾವಣೆ ಹಾಕಿ ಸೈಟು ಹಂಚಿದವು. ಜಯನಗರ, ರಾಜಾಜಿನಗರಗಳಾಚೆ ಊರು ಹಬ್ಬುತ್ತಲೇ ಹೋಯಿತು. ಮಧ್ಯಮವರ್ಗದ ಬದುಕಿನ ಗುರಿಯೇ ‘ತರ್ಟಿ ಫಾರ್ಟಿ’ ಸೈಟು ಎನ್ನುವಂತಾಯಿತು. ಅಡ್ಡಲಾಗಿ ಹಬ್ಬಿದ ಊರಿನಲ್ಲಿ ಕೆಲಸ, ಶಾಲೆ, ಆಸ್ಪತ್ರೆ ಎಲ್ಲವೂ ದೂರ. ಬಸ್ಸು ಸಾಲದಾದಾಗ ಸ್ಕೂಟರು, ಆಮೇಲೆ ಕಾರು. ನೋಂದಣಿಯಾದ ವಾಹನಗಳ ಸಂಖ್ಯೆ ಕೋಟಿ ದಾಟಿದೆ. ಯಶವಂತಪುರದ ಕಡೆಯಿಂದ ಮೆಜೆಸ್ಟಿಕ್ಕಿಗೆ ಹೋಗುವವರು ಮಲ್ಲೇಶ್ವರವನ್ನು ಹಾದುಹೋಗುತ್ತಾರೆ. ಅವರು ಈ ರಸ್ತೆಗೆ ಬಂದದ್ದು ಇಲ್ಲಿ ಮನೆ ಹೆಚ್ಚಾಗಿದ್ದರಿಂದಲ್ಲ, ಇಲ್ಲಿ ಅವರಿಗೆ ಮನೆ ಸಿಗದಿದ್ದರಿಂದ.

ಕಾನೂನು ಈ ಗಂಟನ್ನು ಇನ್ನಷ್ಟು ಬಿಗಿ ಮಾಡಿತು. ನಿವೇಶನದ ಅಳತೆಯ ಎಷ್ಟು ಪಟ್ಟು ಕಟ್ಟಬಹುದೆಂಬ ಲೆಕ್ಕಕ್ಕೆ ಎಫ್‌ಎಆರ್ ಎನ್ನುತ್ತಾರೆ. 2007ರಲ್ಲಿ ಜಾರಿಗೆ ಬಂದ, 2015ಕ್ಕೆಂದು ಮಾಡಿದ ಮಹಾಯೋಜನೆ ಇದನ್ನು ನಿವೇಶನದ ಅಳತೆಗೂ ಎದುರಿನ ರಸ್ತೆಯ ಅಗಲಕ್ಕೂ ಕಟ್ಟಿಹಾಕಿತು. ಕಿರಿದಾದ ರಸ್ತೆಯ ಚಿಕ್ಕ ನಿವೇಶನಕ್ಕೆ 1.75, ಮೂವತ್ತು ಮೀಟರಿಗಿಂತ ಅಗಲವಾದ ರಸ್ತೆಯ ದೊಡ್ಡ ನಿವೇಶನಕ್ಕೆ 3.25. ಅವಧಿ ಮುಗಿದು ವರ್ಷಗಳಾದರೂ ಅದರ ಜಾಗಕ್ಕೆ ಹೊಸ ಯೋಜನೆ ಬಂದಿಲ್ಲ. ಮೇಲುನೋಟಕ್ಕೆ ಈ ಎಫ್‌ಎಆರ್ ಲೆಕ್ಕ ನ್ಯಾಯವೆನ್ನಿಸುತ್ತದೆ. ಆದರೆ ರಸ್ತೆಯ ಅಗಲ ಎಷ್ಟು ಕಾರು ಹಿಡಿಸುತ್ತದೆಂದು ಹೇಳೀತೇ ಹೊರತು ಎಷ್ಟು ಜನ ನಡೆಯುತ್ತಾರೆ, ಬಸ್ಸು ಎಷ್ಟು ಹೊತ್ತಿಗೊಮ್ಮೆ ಬರುತ್ತದೆ, ಕೊಳವೆಯಲ್ಲಿ ನೀರಿದೆಯೇ ಎಂದು ಹೇಳುವುದಿಲ್ಲ. ಅಗಲವಾದ ರಸ್ತೆಗೆ ಹೆಚ್ಚು ಕಟ್ಟುವ ಹಕ್ಕಿದೆ ಎಂದಮೇಲೆ ರಸ್ತೆ ಅಗಲ ಮಾಡಬೇಕೆಂಬ ಒತ್ತಡಕ್ಕೆ ಕೊನೆಯುಂಟೇ? 1882ರ ಸ್ಯಾಂಕಿ ಕೆರೆಯ ಪಕ್ಕದ ರಸ್ತೆಗಾಗಿ 2011ರಲ್ಲಿ ಮರಗಳಿಗೆ ಕೊಡಲಿ ಬಿದ್ದಾಗ, 2023ರಲ್ಲಿ ಅಲ್ಲೇ ಮೇಲ್ಸೇತುವೆಯ ಮಾತು ಬಂದಾಗ ಬೀದಿಗಿಳಿದ ನಿವಾಸಿಗಳ ಪರ ನಾನು ನಿಸ್ಸಂಕೋಚವಾಗಿ ನಿಲ್ಲುತ್ತೇನೆ. ಆದರೆ ಅಗಲೀಕರಣ ಬೇಡ ಎನ್ನುವ ಬಾಯಲ್ಲೇ ಹೊಸ ಮನೆಗಳೂ ಬೇಡ ಎಂದರೆ, ಬರುವವರನ್ನು ಇನ್ನಷ್ಟು ದೂರಕ್ಕೆ ತಳ್ಳಿ ಅವರ ವಾಹನವನ್ನು ಮಾತ್ರ ಇದೇ ರಸ್ತೆಗೆ ಕರೆದಂತಾಗುತ್ತದೆ.

ನೀರೆಲ್ಲಿ ಎಂಬ ಆಕ್ಷೇಪ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ಸುಮಾರು ನೂರು ಕಿಲೋಮೀಟರ್ ದೂರದಿಂದ ಎತ್ತಿ ತರುವ ಕಾವೇರಿಯನ್ನು ನೆಚ್ಚಿದ ಊರು 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಪಟ್ಟ ಪಾಡು ಎಲ್ಲರಿಗೂ ಗೊತ್ತು. ಆ ಪಾಡು ಹೆಚ್ಚಾಗಿ ಕೊಳವೆ ಇನ್ನೂ ಮುಟ್ಟದ ಹೊರವಲಯದ್ದೇ ಆಗಿತ್ತು. ಅಲ್ಲಿ ಹೊಸದಾಗಿ ಎಳೆಯುವುದಕ್ಕಿಂತ ಹಳೆಯ ಬಡಾವಣೆಯ ಕೊಳವೆ, ಒಳಚರಂಡಿಗಳನ್ನು ದೊಡ್ಡದು ಮಾಡುವುದು ಸುಲಭ. ಹಾಗೆ ಮಾಡುವ ಮೊದಲೇ ಅನುಮತಿ ಕೊಡುವುದು ಮಾತ್ರ ತಪ್ಪು. ಮಲ್ಲೇಶ್ವರದ ಗುಣವೇ ಹೋಗುತ್ತದೆ ಎಂಬ ಇನ್ನೊಂದು ಅಳಲಿದೆ. ಹಳೆಯ ಮನೆಗಳಲ್ಲಿ ಉಳಿಸಲೇಬೇಕಾದವನ್ನು ಪಟ್ಟಿ ಮಾಡಿ ಉಳಿಸಲಿ. ಆದರೆ ಎಂಟನೇ ಕ್ರಾಸಿನ ಹೂವು, ತರಕಾರಿ ವ್ಯಾಪಾರವನ್ನು, ಹಳೆಯ ಹೋಟೆಲುಗಳನ್ನು ಇಷ್ಟು ಕಾಲ ಬದುಕಿಸಿದ್ದು ಕಾಲ್ನಡಿಗೆಯಲ್ಲಿ ಬರುವ ಜನ. ಮೆಜೆಸ್ಟಿಕ್‌ನಂಥ ಕೇಂದ್ರ ಇಷ್ಟು ಹತ್ತಿರವಿದ್ದು, 2014ರ ಮಾರ್ಚ್ 1ರಿಂದ ಸಂಪಿಗೆ ರಸ್ತೆಯ ತುದಿಯಲ್ಲೇ ಮೆಟ್ರೊ ಓಡುತ್ತಿರುವಾಗ ಹೆಚ್ಚು ಜನ ಇರಬೇಕಾದ ಜಾಗ ಇದಲ್ಲದೆ ಮತ್ತೆಲ್ಲಿ?

ಆದ್ದರಿಂದ ನಿವಾಸಿಗಳ ಸಂಘಗಳು ಅಂತಸ್ತಿನ ಲೆಕ್ಕಕ್ಕೆ ಜಗಳವಾಡುವ ಬದಲು ಪಾಲಿಕೆಯ ಮುಂದೆ ಮೂರು ಬೇಡಿಕೆ ಇಡಲಿ: ಫುಟ್‌ಪಾತ್ ನಡೆಯುವವರದಾಗಲಿ, ರಸ್ತೆಬದಿಯ ಪಾರ್ಕಿಂಗಿಗೆ ದುಡ್ಡು ಬೀಳಲಿ, ನೀರು ಮತ್ತು ಒಳಚರಂಡಿಯ ಖಾತರಿಯಿಲ್ಲದೆ ಯಾವ ನಕ್ಷೆಗೂ ಮಂಜೂರಾತಿ ಸಿಗದಿರಲಿ. ಇವಿಷ್ಟು ಸಿಕ್ಕಮೇಲೆ ಪಕ್ಕದ ಸೈಟಿನಲ್ಲಿ ಎಂಟು ಮನೆ ಎದ್ದರೆ ಅವರನ್ನು ನೆರೆಯವರೆಂದು ಬರಮಾಡಿಕೊಳ್ಳಲಿ.