ಕುಸುಮ ರೋಗ: ವಿಶ್ರಾಂತಿಯಿಂದ ವ್ಯಾಯಾಮದೆಡೆಗೆ



ಹಿಮೋಫಿಲಿಯಾವನ್ನು ನಾವು ಕುಸುಮ ರೋಗವೆನ್ನುತ್ತೇವೆ. ಹೆಸರು ಕೋಮಲ, ವ್ಯಾಧಿ ಕಠೋರ. ಹೆಪ್ಪುಗಟ್ಟದ ರಕ್ತವು ಮೊಣಕಾಲಿನ ಕೀಲಿನೊಳಗೆ ಪದೇ ಪದೇ ಸೋರಿ, ಮೃದ್ವಸ್ಥಿಯನ್ನು ಸವೆಸಿ, ಕಾಲನ್ನು ಮಡಿಚಿದಂತೆಯೇ ಬಿಗಿದುಬಿಡುತ್ತದೆ.

ಹಿಂದೆ ಇದಕ್ಕಿದ್ದ ಮುಖ್ಯ ಉಪಾಯವೆಂದರೆ ದೀರ್ಘ ವಿಶ್ರಾಂತಿ ಮತ್ತು ಪ್ಲಾಸ್ಟರ್ ಕಟ್ಟು. ಅದರಿಂದ ನೋವು ಶಮನವಾದರೂ ಸ್ನಾಯುಗಳು ಸೊರಗುತ್ತಿದ್ದವು. ಆಧಾರ ತಪ್ಪಿದ ಕೀಲಿನಲ್ಲಿ ರಕ್ತ ಮತ್ತೆ ಸುಲಭವಾಗಿ ಸೋರುತ್ತಿತ್ತು.

1964ರಲ್ಲಿ ಸ್ಟ್ಯಾನ್‌ಫರ್ಡಿನ ಜುಡಿತ್ ಪೂಲ್ ಅವರು, ಹೆಪ್ಪುಗಟ್ಟಿಸಿದ ಪ್ಲಾಸ್ಮಾ ನಿಧಾನವಾಗಿ ಕರಗುವಾಗ ತಳದಲ್ಲುಳಿಯುವ ಗಷ್ಟಿನಲ್ಲಿ ಎಂಟನೆಯ ಫ್ಯಾಕ್ಟರ್ ಹೇರಳವಾಗಿದೆಯೆಂದು ತೋರಿಸಿದರು. ರಕ್ತಸ್ರಾವವನ್ನು ತಡೆಯುವುದು ಸುಲಭವಾದಂತೆ ಕೀಲನ್ನು ನಿರ್ಭಯವಾಗಿ ಚಲಿಸುವುದೂ ಸಾಧ್ಯವಾಯಿತು. ಫಿಸಿಯೋಥೆರಪಿಯು ಚಿಕಿತ್ಸೆಯ ಅವಿಭಾಜ್ಯ ಅಂಗವಾಯಿತು.

ಈ ಅರಿವನ್ನು ನಮ್ಮ ನಾಡಿನಲ್ಲಿ ಬೇರೂರಿಸಿದವರಲ್ಲಿ ದಾವಣಗೆರೆಯ ಡಾ. ಸುರೇಶ್ ಹನಗವಾಡಿ ಪ್ರಮುಖರು. ಸ್ವತಃ ಹಿಮೋಫಿಲಿಯಾ ಪೀಡಿತರಾದ ಅವರು ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ಬೆಳೆಸಿದರು.

ಫ್ಯಾಕ್ಟರ್ ದುರ್ಲಭವಾದ ಹಳ್ಳಿಯಲ್ಲಿ ಬಲಿಷ್ಠವಾದ ತೊಡೆಯ ಸ್ನಾಯುವೇ ಮೊಣಕಾಲಿಗೆ ಕಾವಲು. ರಿಚರ್ಡ್‌ಸನ್ನಿನ ನಮ್ಮ ಮನೆಗಳಲ್ಲಿ ಔಷಧಿ ಫ್ರಿಜ್ಜಿನಲ್ಲೇ ಇರಬಹುದು. ಆದರೆ ಅದು ರಕ್ತವನ್ನು ತಡೆದೀತೇ ಹೊರತು ಸೊರಗಿದ ಸ್ನಾಯುವನ್ನು ಬೆಳೆಸದು. ಆದ್ದರಿಂದ ಇಂತಹ ಮಗುವನ್ನು ಮಮತೆಯಿಂದ ಹಾಸಿಗೆಗೆ ಕಟ್ಟಿಹಾಕಬೇಡಿ. ರಕ್ತಸ್ರಾವ ನಿಂತ ಮೇಲೆ, ತಜ್ಞರ ಸಲಹೆಯಂತೆ, ನಡೆಯಲು ಬಿಡಿ.