ಬೀದರಿನವರ ಕಡಲು

ನವರಾತ್ರಿಯ ರಜೆ ಸಮೀಪಿಸಿತೆಂದರೆ ನಮ್ಮ ಪಟ್ಟಣಗಳಲ್ಲಿ ಒಂದು ಬಗೆಯ ಸಡಗರ. ಮಳೆ ಹಿಂದೆಗೆದಿರುತ್ತದೆ, ಶಾಲೆಗಳು ಮುಚ್ಚಿರುತ್ತವೆ; ಕಾರವಾರಕ್ಕೋ ಗೋಕರ್ಣಕ್ಕೋ ಹೋಗಿ ನಾಲ್ಕು ದಿನ ಕಡಲನ್ನು ನೋಡಿ ಬರೋಣವೆಂಬ ಮಾತು ಮನೆಮನೆಯಲ್ಲೂ ಏಳುತ್ತದೆ. ಘಟ್ಟದ ಅಂಚಿನವರಿಗೆ ಇದು ದೊಡ್ಡ ಸಂಗತಿಯಲ್ಲ. ಆದರೆ ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಯ ಸೀಮೆಯಲ್ಲಿ, ಮೆಹಕರವೆಂಬ ಊರಿದೆ. ನಕಾಶೆಯ ಮೇಲೆ ಅಲ್ಲಿಂದ ನೇರ ಗೆರೆ ಎಳೆದು ಅಳೆದರೂ ಕಡಲಿಗೆ ನಾನೂರು ಕಿಲೋಮೀಟರಿಗೆ ಕಡಮೆಯಿಲ್ಲ. ಸ್ವಾರಸ್ಯವೆಂದರೆ ಪಡುವಣ ಕಡಲಿಗೂ ಮೂಡಣ ಕಡಲಿಗೂ ದೂರ ಹೆಚ್ಚುಕಡಮೆ ಒಂದೇ. ದಖ್ಖನದ ನಟ್ಟನಡುವೆ ಕುಳಿತ ಈ ನಾಡಿಗೂ ಕಡಲಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧವಿತ್ತು, ಅದೂ ಸಣ್ಣದಲ್ಲ.

ಶರದೃತುವಿನ ಮೊದಲಲ್ಲೇ ಜನ ಕಡಲ ಕಡೆಗೆ ಹೊರಡುವುದು ಇಂದಿನ ರಜೆಯ ಪಟ್ಟಿಯಿಂದ ಹುಟ್ಟಿದ ರೂಢಿಯಲ್ಲ. ಹಾಯಿಹಡಗಿನ ಕಾಲದಲ್ಲಿ ಪಡುವಣ ಬಂದರುಗಳಿಗೆ ಮಳೆಗಾಲದಲ್ಲಿ ಬೀಗ ಬೀಳುತ್ತಿತ್ತು. ನೈರುತ್ಯದ ಗಾಳಿ ಬೀಸುತ್ತಿರುವಾಗ ದಡ ಬಿಡುವ ಧೈರ್ಯ ಯಾವ ನಾವಿಕನಿಗೂ ಇರಲಿಲ್ಲ. ಶ್ರಾವಣದ ಹುಣ್ಣಿಮೆಯ ದಿನ ಕೊಂಕಣದ ಬೆಸ್ತರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುತ್ತಾರೆ. ಅಲ್ಲಿಂದ ಮುಂದೆ ಕಡಲು ಮೆಲ್ಲಗೆ ತೆರೆದುಕೊಳ್ಳುತ್ತದೆ. ಮಾನ್ಸೂನ್ ಎಂಬ ಮಾತೇ ಋತುವನ್ನು ಹೇಳುವ ಅರಬ್ಬಿಯ ‘ಮೌಸಿಮ್’ನಿಂದ ಬಂದದ್ದು. ಬೀದರಿನ ಜನ ಉರ್ದುವಿನಲ್ಲಿ ‘ಮೌಸಮ್’ ಎನ್ನುವಾಗ, ತಮಗೆ ತಿಳಿಯದೆಯೇ, ಹಳೆಯ ನಾವಿಕರ ಮಾತನ್ನೇ ಆಡುತ್ತಿರುತ್ತಾರೆ.

1430ರ ಸುಮಾರಿಗೆ ಬಹಮನಿ ಸುಲ್ತಾನ ಅಹಮದ್ ಷಾ ಕಲಬುರ್ಗಿಯನ್ನು ಬಿಟ್ಟು ಬೀದರನ್ನು ರಾಜಧಾನಿ ಮಾಡಿಕೊಂಡ. ರಾಜ್ಯದ ಬಲವೆಲ್ಲ ರಾವುತರ ದಂಡಿನಲ್ಲಿ. ಆದರೆ ಒಳ್ಳೆಯ ಕುದುರೆಯ ತಳಿ ದಖ್ಖನದ ಹವೆಯಲ್ಲಿ ಏಳಿಗೆಯಾಗದು. ಅರಬಸ್ತಾನ, ಖೊರಾಸಾನಗಳ ಕುದುರೆಗಳು ಹೊರ್ಮುಜಿನಲ್ಲಿ ಹಡಗು ಹತ್ತಿ ಚೌಲ್, ದಾಭೋಳಗಳಲ್ಲಿ ಇಳಿಯಬೇಕು, ಅಲ್ಲಿಂದ ಘಟ್ಟ ಹತ್ತಿ ಬೀದರನ್ನು ಸೇರಬೇಕು. ಕುದುರೆಯ ದಾರಿಯೇ ಬೀದರಿನ ಕಡಲ ದಾರಿ.

ಆ ದಾರಿಯಲ್ಲಿ ನಡೆದುಬಂದವನೊಬ್ಬನ ಬರಹ ನಮಗೆ ದೊರೆತಿರುವುದು ಪುಣ್ಯವೆನ್ನಬೇಕು. ರಷ್ಯದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಒಂದೇ ಒಂದು ಕುದುರೆಯನ್ನು ನಂಬಿ ಹೊರ್ಮುಜಿನಿಂದ ಹಡಗು ಹತ್ತಿದ. ಚೌಲಿನಲ್ಲಿ ಇಳಿದು ಜುನ್ನರಕ್ಕೆ ಬರುವಷ್ಟರಲ್ಲಿ ಮಳೆಗಾಲ ಹಿಡಿಯಿತು. ಹಗಲೂ ಇರುಳೂ ಎಲ್ಲೆಲ್ಲಿಯೂ ನೀರು, ಕೆಸರು ಎಂದು ಆತ ಬರೆದಿಟ್ಟಿದ್ದಾನೆ. ಈ ನಾಡಿನಲ್ಲಿ ಕುದುರೆಗೆ ಕಡಲೆಯನ್ನೂ ಸಕ್ಕರೆ ಬೆರೆಸಿದ ಖಿಚಡಿಯನ್ನೂ ತಿನ್ನಿಸುವುದನ್ನು ಕಂಡು ಅವನಿಗೆ ಬೆರಗು. ಜುನ್ನರದ ಖಾನ ಆ ಕುದುರೆಯನ್ನು ಕಸಿದುಕೊಂಡು, ಮತ ಬದಲಿಸಿದರೆ ಮಾತ್ರ ಹಿಂದಿರುಗಿಸುವುದಾಗಿ ಹಟ ಹಿಡಿದ. ಖೊರಾಸಾನದ ಮಹಮ್ಮದನೆಂಬ ಹಿರಿಯನೊಬ್ಬ ನಡುವೆ ಬಿದ್ದು ಬಿಡಿಸಿಕೊಟ್ಟ. ಆಗಸ್ಟ್ ನಡುವಿನಲ್ಲಿ ಜುನ್ನರ ಬಿಟ್ಟು ಒಂದು ತಿಂಗಳು ನಡೆದು ಆತ ಬೀದರನ್ನು ಮುಟ್ಟಿದ. ಅಂದರೆ ನಾವು ಕಡಲ ಕಡೆಗೆ ಹೋಗಲು ಗಂಟು ಕಟ್ಟುವ ದಿನಗಳಲ್ಲೇ ಅವನು ಕಡಲಿನಿಂದ ಇತ್ತ ಬಂದಿದ್ದ!

ಅದೇ ಶರತ್ಕಾಲದ ಒಂದು ಜಾತ್ರೆಯನ್ನೂ ಅವನು ಬಣ್ಣಿಸಿದ್ದಾನೆ. ಬೀದರಿನಿಂದ ಹನ್ನೆರಡು ಕೋವ ದೂರದಲ್ಲಿ ಶೇಖ್ ಅಲಾಉದ್ದೀನನ ಗೋರಿಯ ಬಳಿ ವರ್ಷಕ್ಕೊಮ್ಮೆ ಹತ್ತು ದಿನ ಸಂತೆ ಕೂಡುತ್ತದೆ. ಮಾರಲು ಇಪ್ಪತ್ತು ಸಾವಿರ ಕುದುರೆಗಳು ಬರುತ್ತವೆ ಎಂದು ಅವನ ಲೆಕ್ಕ. ಲೆಕ್ಕದಲ್ಲಿ ಸ್ವಲ್ಪ ಸಂತೆಯ ಉತ್ಸಾಹವೂ ಬೆರೆತಿರಬಹುದು. ಅದು ನಮ್ಮ ಆಳಂದ. ಕಾಲ, ಅವನ ಪಂಚಾಂಗದಂತೆ, ಅಕ್ಟೋಬರದ ಮೊದಲ ದಿನಗಳು. ಅಲ್ಲಿ ರಾತ್ರಿ ಹಾರಾಡುವ ‘ಗುಕುಕ್’ ಎಂಬ ಹಕ್ಕಿಯಿದೆ, ಅದು ಯಾರ ಮನೆಯ ಮೇಲೆ ಕುಳಿತರೆ ಆ ಮನೆಯಲ್ಲಿ ಸಾವು ಎಂದೂ ಬರೆದಿದ್ದಾನೆ. ನಮ್ಮ ಗೂಗೆಯನ್ನು ಪರದೇಶದವನು ಗುರುತಿಸಿದ ಬಗೆ ಇದು.

ಇಷ್ಟೆಲ್ಲ ವೈಭವದ ನಡುವೆ ನಿಕಿತಿನನ ಕಣ್ಣಿಗೆ ಇನ್ನೊಂದೂ ಬಿತ್ತು. ದೊರೆಮಕ್ಕಳು ಬೆಳ್ಳಿಯ ಪಲ್ಲಕ್ಕಿಗಳಲ್ಲಿ ಮೆರೆಯುತ್ತಾರೆ, ಹಳ್ಳಿಯ ಜನ ಮಾತ್ರ ತೀರ ಬಡವರು ಎಂದು ಅವನು ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಸಾಗುತ್ತಾನೆ. ಕಡಲಿನಿಂದ ಬಂದ ಸಿರಿಯ ಬೆಲೆಯನ್ನು ತೆತ್ತವರು ಯಾರೆಂಬುದು ಆ ಮಾತಿನಿಂದ ತಿಳಿಯುತ್ತದೆ. ಕುದುರೆಯನ್ನು ಕ್ರಿಸ್ಮಸ್ಸಿನ ಹೊತ್ತಿಗೆ ಬೀದರಿನಲ್ಲಿ ಮಾರಿ, ಕಡೆಗೆ ದಾಭೋಳದಲ್ಲಿ ಹಡಗು ಹತ್ತಿದ ಈ ವ್ಯಾಪಾರಿ ತನ್ನ ಊರನ್ನು ಮತ್ತೆ ಕಾಣಲಿಲ್ಲ. ಸ್ಮೋಲೆನ್ಸ್ಕ್ ಮುಟ್ಟುವ ಮೊದಲೇ ತೀರಿಕೊಂಡ. ಅವನು ಇಳಿದ ಚೌಲಿನ ಮಗ್ಗುಲಲ್ಲಿರುವ ರೇವದಂಡಾದಲ್ಲಿ ಈಗ ಅವನ ಸ್ಮಾರಕವಿದೆ.

ನಿಕಿತಿನ್ ಈ ನಾಡಿನಲ್ಲಿ ತಿರುಗುತ್ತಿದ್ದ ಕಾಲಕ್ಕೇ ಬೀದರಿನ ಮಂತ್ರಿ ಮಹಮೂದ್ ಗವಾನ್ ಕೊಂಕಣದಲ್ಲಿ ದಂಡು ಹೂಡಿದ್ದ. ಹಡಗುಗಳನ್ನು ದೋಚುತ್ತಿದ್ದ ಸಂಗಮೇಶ್ವರದ ಅರಸನನ್ನೂ ಖೇಳಣಾ ಕೋಟೆಯನ್ನೂ ಹಣಿಯುವುದು ಅವನ ಉದ್ದೇಶ. ಗವಾನನೂ ಪರ್ಷಿಯದ ಗೀಲಾನಿನಿಂದ ವ್ಯಾಪಾರಕ್ಕೆಂದು ಬಂದವನೇ. ಬಂದರಿನ ಬೆಲೆ ಅವನಿಗೆ ಗೊತ್ತು. ಮಳೆ ಬಂದಾಗ ಅವನ ಸೈನ್ಯವೂ ಕೊಲ್ಲಾಪುರಕ್ಕೆ ಹಿಂದೆಗೆದು ಬೀಡು ಬಿಡಬೇಕಾಯಿತು. ಕೊನೆಗೆ 1472ರಲ್ಲಿ ವಿಜಯನಗರದವರ ಕೈಯಲ್ಲಿದ್ದ ಗೋವೆಯೇ ಅವನಿಗೆ ದಕ್ಕಿತು. ಸುದ್ದಿ ಮುಟ್ಟಿದಾಗ ಬೀದರಿನಲ್ಲಿ ಏಳು ದಿನ ವಿಜಯದ ನಗಾರಿ ಬಾರಿಸಿದರೆಂದು ಫೆರಿಸ್ತಾ ಬರೆಯುತ್ತಾನೆ. ಕಡಲನ್ನು ಎಂದೂ ಕಾಣದ ಊರು ಕಡಲಿಗಾಗಿ ಏಳು ದಿನ ಹಬ್ಬ ಮಾಡಿತು.

ಗವಾನ್ ಹಿಂದಿರುಗಿದಾಗ ಸುಲ್ತಾನ ಅವನ ಮನೆಯಲ್ಲಿ ಒಂದು ವಾರ ಉಳಿದು ಗೌರವಿಸಿದ. ಸುಲ್ತಾನ ಹೋದ ಮೇಲೆ ಗವಾನ್ ಕೋಣೆಯ ಕದ ಹಾಕಿಕೊಂಡು, ಬೆಲೆಬಾಳುವ ಉಡುಪನ್ನು ಕಳಚಿ, ನೆಲದ ಮೇಲೆ ಬಿದ್ದು ಅತ್ತನಂತೆ. ಆಮೇಲೆ ಫಕೀರನ ಬಟ್ಟೆ ತೊಟ್ಟು ಹೊರಬಂದು ತನ್ನ ಹಣ ಒಡವೆಗಳನ್ನೆಲ್ಲ ಹಂಚಿಬಿಟ್ಟ. ಉಳಿಸಿದ್ದು ಪುಸ್ತಕಗಳನ್ನು, ಆನೆ ಕುದುರೆಗಳನ್ನು ಮಾತ್ರ. ಮೊದಲಿನವು ವಿದ್ಯಾರ್ಥಿಗಳ ಸೊತ್ತು, ಉಳಿದವು ದೊರೆಯ ಸೊತ್ತು ಎಂಬುದು ಅವನ ವಾದ. ಅವನು ಕಟ್ಟಿಸಿದ ಮದರಸಾ ಇಂದಿಗೂ ಬೀದರಿನಲ್ಲಿ ಒಂದು ಮಿನಾರನ್ನು ಎತ್ತಿ ನಿಂತಿದೆ. 1481ರಲ್ಲಿ ಸುಳ್ಳು ಪತ್ರದ ಆಪಾದನೆಯ ಮೇಲೆ ಅದೇ ಸುಲ್ತಾನ ಅವನ ತಲೆ ಹೊಡೆಸಿದ.

ಅಲ್ಲಿಂದ ಬೀದರಿನ ಕಡಲು ಬತ್ತುತ್ತ ಹೋಯಿತು. ಬಹಮನಿ ರಾಜ್ಯ ಹಂಚಿಹೋದಾಗ ಗೋವೆ, ದಾಭೋಳ ಬಿಜಾಪುರದ ಪಾಲು, ಚೌಲ್ ಅಹಮದನಗರದ ಪಾಲು, ಮಚಲೀಪಟ್ಟಣ ಗೋಲ್ಕೊಂಡದ ಪಾಲು. ಬರೀದರಿಗೆ ಉಳಿದದ್ದು ಕೆಂಪು ಮಣ್ಣು, ಕೋಟೆ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರಿಗೂ ಋತು ಪಾಠ ಕಲಿಸಿತು: ಮೇ ತಿಂಗಳಲ್ಲಿ ಆದಿಲಶಾಹಿ ಸೈನ್ಯ ಊರಿನಿಂದ ಓಡಿಸಿದಾಗ ಕಡಲಿಗೆ ಹೋಗಲಾರದೆ ಆಗಸ್ಟಿನವರೆಗೆ ಮಾಂಡೋವಿ ಹೊಳೆಯಲ್ಲೇ ಹಡಗುಗಳಲ್ಲಿ ಉಪವಾಸ ಬಿದ್ದಿದ್ದರು. ಮಳೆ ತೀರಿದ ಮೇಲೆ, ನವೆಂಬರಿನಲ್ಲಿ, ಮರಳಿ ಬಂದು ಗೆದ್ದರು. ಮುಂದೆ ಬೀದರು ಸೇರಿದ ನಿಜಾಮರ ರಾಜ್ಯವೂ 1766ರ ಒಪ್ಪಂದದಿಂದ ಉತ್ತರ ಸರ್ಕಾರುಗಳನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟು ಕಡಲಿನಿಂದ ದೂರವಾಯಿತು. ಆ ಕೊರತೆ ಕೊನೆಯವರೆಗೂ ಕಾಡಿತು. 1947-48ರಲ್ಲಿ ಗೋವೆಯ ಮಾರ್ಮಗೋವಾ ಬಂದರಿಗಾಗಿ ಹೈದರಾಬಾದು ಪೋರ್ಚುಗೀಸರೊಡನೆ ಮಾತುಕತೆಗೂ ಇಳಿದಿತ್ತು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಒಳಬಂದಿತು, ಮಾತುಕತೆ ಮುಗಿಯಿತು.

ಇದುವರೆಗೆ ಹೇಳಿದವರಲ್ಲಿ ಯಾರೂ ಕಡಲನ್ನು ನೋಡಲೆಂದು ಹೋದವರಲ್ಲ. ಲಾಭ, ಯುದ್ಧ, ಯಾತ್ರೆ ಇವೇ ಅಂದಿನ ಕಾರಣಗಳು. ಸುಮ್ಮನೆ ದಂಡೆಯಲ್ಲಿ ಕುಳಿತಿರುವುದಕ್ಕಾಗಿಯೇ ಪ್ರಯಾಣ ಮಾಡುವುದು ಕಚೇರಿ, ಶಾಲೆ, ರೈಲುಗಳೊಡನೆ ಬಂದ ಹೊಸ ರೂಢಿ. ಕನ್ನಡ ಕರಾವಳಿಯಲ್ಲಿ ಇದಕ್ಕೆ ಹೆಸರಾಂತ ನಿದರ್ಶನ 1883ರದು. ಆಗ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದವರು ಸತ್ಯೇಂದ್ರನಾಥ ಠಾಕೂರರು. ತಮ್ಮ ರವೀಂದ್ರನಾಥರು, ಇಪ್ಪತ್ತೆರಡರ ತರುಣರು, ಆ ಡಿಸೆಂಬರಿನ ಮದುವೆಗೆ ಮುನ್ನ ಅಲ್ಲಿಗೆ ಬಂದು ತಂಗಿದರು. ಗಾಳಿಮರಗಳ ತೋಪು, ಅರ್ಧಚಂದ್ರದಂತೆ ಬಾಗಿದ ದಂಡೆ, ಬೆಳುದಿಂಗಳಲ್ಲಿ ಕಾಳೀ ನದಿಯ ದೋಣಿಪಯಣ ಇವನ್ನೆಲ್ಲ ಮುಂದೆ ನೆನೆದು ಬರೆದರು. ‘ಪ್ರಕೃತಿರ್ ಪ್ರತಿಶೋಧ’ ನಾಟಕ ಹುಟ್ಟಿದ್ದು ಅಲ್ಲಿಯೇ.

1956ರ ನವೆಂಬರ್ 1ರಂದು ಹೈದರಾಬಾದಿನಿಂದ ಬೀದರು, ಮುಂಬಯಿಯಿಂದ ಉತ್ತರ ಕನ್ನಡ ಒಂದೇ ದಿನ ಒಂದೇ ರಾಜ್ಯಕ್ಕೆ ಸೇರಿದವು. ಬರೀದರ ಕಾಲದಲ್ಲಿ ಕಳೆದುಹೋಗಿದ್ದ ಕಡಲು ಹೀಗೆ ಕಾಗದದ ಮೇಲಾದರೂ ಬೀದರಿಗೆ ಮರಳಿತು. ರಸ್ತೆಯ ಮೇಲೆ ಅದು ಇನ್ನೂ ಆರುನೂರು ಕಿಲೋಮೀಟರಿನ ಆಸುಪಾಸಿನ ಮಾತು. ಒಂದು ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತರೂ ಸಾಲದು. ಮೇಲಾಗಿ, ನಮ್ಮ ರಜೆಯ ಪಟ್ಟಿ ಹಳ್ಳಿಯ ಪಂಚಾಂಗಕ್ಕೆ ಹೊಂದುವುದಿಲ್ಲ. ಹೆಸರು, ಉದ್ದಿನ ರಾಶಿ ಮುಗಿಸಿ, ಸೋಯಾ ಕೊಯ್ದು, ಹಿಂಗಾರಿ ಜೋಳಕ್ಕೂ ಕಡಲೆಗೂ ನೆಲ ಹದಮಾಡುವ ಹೊತ್ತು ಇದೇ ಆಶ್ವಯುಜ. ಮಾಸ್ತರರ, ಗುಮಾಸ್ತರ ಮನೆಯವರು ಭಾಲ್ಕಿಯ ನಿಲ್ದಾಣದಲ್ಲಿ ಗಂಟುಮೂಟೆ ಇಟ್ಟುಕೊಂಡು ನಿಂತಿರುವಾಗ ಮೆಹಕರದ ಒಕ್ಕಲಿಗ ಕೂರಿಗೆ ಹೂಡಿರುತ್ತಾನೆ. ಅವನಿಗೆ ಕೈಬಿಡುವಾಗುವುದು ಸುಗ್ಗಿ ಮುಗಿದ ಬೇಸಗೆಯಲ್ಲಿ. ಆಗ ಕಡಲ ದಂಡೆಯಲ್ಲಿ ಬಿಸಿಲು.